ಹಣೆಯ ಹಿಂದಿನ ಕಡಿವಾಣ

15 ಫೆಬ್ರುವರಿ 2025, ಶನಿವಾರ
ಹನುಮಂತನಗರ, ಬೆಂಗಳೂರು

ಇಂದು ಮಗಳ ಕಾಲೇಜಿನವರು ನಿಮ್ಹಾನ್ಸ್‌ನ ಮೆದುಳಿನ ಸಂಗ್ರಹಾಲಯಕ್ಕೆ ಹೊರಟಿದ್ದರು. "ಅಪ್ಪಾ, ನೀನೂ ಬಾ" ಎಂದು ಅವಳು ಕರೆದಾಗ ನನಗೆ ಅಣ್ಣನ ನೆನಪಾಯಿತು, ಹೋದೆ. ಕೈಗವಸು ತೊಟ್ಟ ನನ್ನ ಅಂಗೈಗಳ ಮೇಲೆ ಒಂದು ಮೆದುಳನ್ನು ಇಟ್ಟರು. ರಾಸಾಯನಿಕದಲ್ಲಿ ಗಟ್ಟಿಯಾಗಿದ್ದ ಅದು ತಣ್ಣಗಿತ್ತು, ಎರಡೂ ಕೈ ಬೇಕೆನ್ನುವಷ್ಟು ಭಾರವಿತ್ತು. ಹೆಬ್ಬೆರಳು ಊರಿದ್ದ ಜಾಗವೇ ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸ್ ಎಂದು ತಿಳಿದಾಗ ಬೆರಳನ್ನು ಮೆಲ್ಲಗೆ ಸರಿಸಿದೆ. ಮುಂದಿನದನ್ನು ಯೋಚಿಸುವುದು, ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಳ್ಳುವುದು, ಬೇಕೆನಿಸಿದ್ದನ್ನು ಬೇಡವೆನ್ನುವುದು, ಇವೆಲ್ಲ ಹೆಚ್ಚಾಗಿ ಆ ಭಾಗದ ಕೆಲಸ.

ಮೊನ್ನೆ ಗುರುವಾರ ಸಂಜೆ ಅಣ್ಣ ಕುಡಿಯಲು ಹೊರಡುವಾಗ, "ಒಂದೇ ನೈಂಟಿ ಕಣೋ, ಎಂಟು ಗಂಟೆಗೆಲ್ಲ ಊಟಕ್ಕೆ ಬಂದ್ಬಿಡ್ತೀನಿ" ಎಂದಿದ್ದ. ಬಂದದ್ದು ಹನ್ನೊಂದಕ್ಕೆ, ಅದೂ ಸ್ಕೂಟರ್ ಓಡಿಸಿಕೊಂಡು. ಇಷ್ಟು ವರ್ಷ ಇಂಥ ಮಾತನ್ನೆಲ್ಲ ಸುಳ್ಳೆಂದೇ ನಾನು ಎಣಿಸಿದ್ದೆ. ಈಗ ಹಾಗನ್ನಿಸುತ್ತಿಲ್ಲ. ಸಂಜೆ ಆರಕ್ಕೆ ಆ ಮಾತನ್ನು ಆಡಿದ ಮೆದುಳು ಬೇರೆ, ಎಂಟು ಗಂಟೆಗೆ ಅದನ್ನು ಉಳಿಸಿಕೊಳ್ಳಬೇಕಾಗಿದ್ದ ಮೆದುಳು ಬೇರೆ.

ನಮ್ಮಲ್ಲಿ ಮಾರಾಟವಾಗುವ ವಿಸ್ಕಿಯ ಒಂದು ನೈಂಟಿಯಲ್ಲಿ, ಅಂದರೆ 90 ಮಿಲಿಲೀಟರಿನಲ್ಲಿ, ಸುಮಾರು 30 ಗ್ರಾಂ ಶುದ್ಧ ಆಲ್ಕೊಹಾಲ್ ಇರುತ್ತದೆ. ಯಕೃತ್ತು ಗಂಟೆಗೆ ಕರಗಿಸಬಲ್ಲದ್ದು 7ರಿಂದ 10 ಗ್ರಾಂ. ಕಾಫಿ ಕುಡಿಸಿದರೂ ತಣ್ಣೀರು ಸುರಿದರೂ ಆ ಕೆಲಸದ ವೇಗ ಹೆಚ್ಚುವುದಿಲ್ಲ. ಉಳಿದದ್ದು ರಕ್ತದೊಡನೆ ಮೆದುಳನ್ನು ಸೇರಿ, ನರಕೋಶಗಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಬಲವನ್ನು ಹೆಚ್ಚಿಸುತ್ತದೆ, ಅವುಗಳನ್ನು ಎಚ್ಚರಿಸುವ ಗ್ಲುಟಮೇಟಿನ ಕೆಲಸವನ್ನು ಕುಗ್ಗಿಸುತ್ತದೆ, ಜೊತೆಗೆ ಸುಖದ ನಿರೀಕ್ಷೆಗೆ ಸಂಬಂಧಿಸಿದ ಡೋಪಮೀನನ್ನು ಬಿಡುಗಡೆ ಮಾಡಿಸುತ್ತದೆ. ಕುಡಿದವನು ಮೊದಮೊದಲು ಹುರುಪಿನಿಂದ ಮಾತನಾಡುವುದನ್ನು ಕಂಡು ಮದ್ಯ ಚುರುಕು ಕೊಡುತ್ತದೆಂದು ನಾವು ತಿಳಿಯುತ್ತೇವೆ. ವಾಸ್ತವದಲ್ಲಿ ಅಲ್ಲಿ ಮಂಕಾಗಿರುವುದು ಕಡಿವಾಣ ಹಿಡಿಯುವ ಕೈ. ಎರಡನೆಯ ಗ್ಲಾಸು ಬೇಕೇ ಬೇಡವೇ ಎಂದು ತೀರ್ಮಾನಿಸುವ ಹೊತ್ತಿಗೆ ತೀರ್ಮಾನಿಸಬೇಕಾದ ಭಾಗವೇ ಮೊದಲ ಗ್ಲಾಸಿನಲ್ಲಿ ಮುಳುಗಿರುತ್ತದೆ.

1990ರಲ್ಲಿ ಕ್ಲಾಡ್ ಸ್ಟೀಲ್ ಮತ್ತು ರಾಬರ್ಟ್ ಜೋಸೆಫ್ಸ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಒಂದು ಬಗೆಯ ಸಮೀಪದೃಷ್ಟಿ ಎಂದು ಕರೆದರು. ಅಮಲಿನಲ್ಲಿ ಗಮನ ಕಿರಿದಾಗಿ, ಕಣ್ಣೆದುರಿಗಿದ್ದದ್ದು ದೊಡ್ಡದಾಗಿ ಕಾಣುತ್ತದೆ, ದೂರದ ಪರಿಣಾಮಗಳು ಮಸುಕಾಗುತ್ತವೆ. ಇದನ್ನು ಓದಿದ ಮೇಲೆ ಗುರುವಾರ ರಾತ್ರಿಯ ನನ್ನ ವರ್ತನೆಗೆ ನನಗೇ ನೋವಾಯಿತು. ಬಾಗಿಲಲ್ಲೇ ನಿಲ್ಲಿಸಿಕೊಂಡು ಅತ್ತಿಗೆಯ ಎದುರು ಅವನಿಗೆ ನಾಳೆಯ ಕೆಲಸ, ಸಾಲ, ಮರ್ಯಾದೆ ಎಂದು ಬುದ್ಧಿ ಹೇಳಿದ್ದೆ. ಅವನಿಗೆ ಕಾಣಿಸಿದ್ದು ನಾಳೆಯಲ್ಲ, ತಮ್ಮ ಮಾಡುತ್ತಿದ್ದ ಅವಮಾನ ಮಾತ್ರ. ಅತ್ತಿಗೆ ತಂದ ನೀರಿನ ಲೋಟ ಗೋಡೆಗೆ ಬಡಿಯಿತು. ಬೆಳಿಗ್ಗೆ ಅದರ ನೆಗ್ಗನ್ನು ಸವರುತ್ತಾ, "ಇದನ್ನ ನಾನು ಎಸೆದ್ನಾ?" ಎಂದು ಅವನು ಕೇಳಿದಾಗ ನಟನೆಯೆಂದು ಸಿಡುಕಿದೆ. ರಕ್ತದಲ್ಲಿ ಮದ್ಯದ ಪ್ರಮಾಣ ಬೇಗ ಏರಿದರೆ ಮೆದುಳಿನಲ್ಲಿರುವ ಹಿಪೊಕ್ಯಾಂಪಸ್ ಎಂಬ ಭಾಗ ಹೊಸ ನೆನಪುಗಳನ್ನು ದಾಖಲಿಸುವುದನ್ನೇ ನಿಲ್ಲಿಸಬಹುದು. ಮನುಷ್ಯ ನಡೆಯುತ್ತಿರುತ್ತಾನೆ, ಜಗಳವಾಡುತ್ತಿರುತ್ತಾನೆ, ಆದರೆ ಒಳಗೆ ಏನೂ ಬರೆದಿಟ್ಟುಕೊಂಡಿರುವುದಿಲ್ಲ. ಬರೆಯದೇ ಇದ್ದದ್ದನ್ನು ಅವನು ಎಲ್ಲಿಂದ ನೆನಪಿಸಿಕೊಳ್ಳಬೇಕು? ಲೋಟ ಎಸೆದದ್ದು ಇದರಿಂದ ಸರಿಯಾಗುವುದಿಲ್ಲ. ಅತ್ತಿಗೆ ಹೆದರಿದ್ದು ನಿಜ.

ಕಳೆದ ಯುಗಾದಿಗೆ ಅವನು ದೇವರ ಮುಂದೆ ಆಣೆಯಿಟ್ಟು ಒಮ್ಮೆಲೇ ಬಿಟ್ಟಿದ್ದ. ಮೂರನೆಯ ದಿನ ಕೈ ನಡುಗಿ ಕಾಫಿ ಚೆಲ್ಲಿದ, ರಾತ್ರಿ ಗೋಡೆಯ ಮೇಲೆ ಹುಳುಗಳು ಹರಿಯುತ್ತಿವೆಯೆಂದು ಹಾಸಿಗೆ ಕೊಡವತೊಡಗಿದ. ಮನೆಯವರು ದೇವರ ಮುನಿಸೆಂದರು. ವರ್ಷಗಟ್ಟಲೆ ದಿನವೂ ಮದ್ಯ ಬಿದ್ದ ಮೆದುಳು ಅದನ್ನು ಸರಿದೂಗಿಸಲು ತನ್ನ ಗಾಬಾದ ಪ್ರಭಾವವನ್ನು ತಗ್ಗಿಸಿ ಗ್ಲುಟಮೇಟಿನದನ್ನು ಏರಿಸಿಕೊಂಡಿರುತ್ತದೆ. ಮದ್ಯ ಏಕಾಏಕಿ ನಿಂತರೆ ಏರಿದ್ದು ಹಾಗೆಯೇ ಉಳಿದು ನಡುಕ, ಭ್ರಮೆ, ಫಿಟ್ಸ್ ಬರುತ್ತವೆ, ಪ್ರಾಣವೂ ಹೋಗಬಹುದು. ಥಯಾಮಿನ್ ಎಂಬ ವಿಟಮಿನ್ ಕೊಟ್ಟು, ನಿದ್ರೆ ಬರುವ ಔಷಧಿಯ ಪ್ರಮಾಣವನ್ನು ದಿನದಿನಕ್ಕೆ ಇಳಿಸುತ್ತಾ ಅವನನ್ನು ಉಳಿಸಿದ ವೈದ್ಯರು, ದಿನವೂ ಕುಡಿಯುವವರು ವೈದ್ಯರ ನಿಗಾ ಇಲ್ಲದೆ ಹಾಗೆ ಬಿಡಬಾರದೆಂದು ಗದರಿದ್ದರು. ಬಿಟ್ಟ ಮೇಲೆ ಸೆಳೆತ ತಗ್ಗಿಸಲು ನಾಲ್ಟ್ರೆಕ್ಸೋನಿನಂಥ ಮಾತ್ರೆಗಳಿವೆಯೆಂದೂ ಹೇಳಿದ್ದರು. ಮನೆಗೆ ಬಂದ ಮೇಲೆ ನಾವು ಯಾರೂ ಮತ್ತೆ ಅಲ್ಲಿಗೆ ಹೋಗಲಿಲ್ಲ. ಮನಸ್ಸು ಗಟ್ಟಿ ಮಾಡಿಕೊ ಎಂದು ಅವನಿಗೆ ಹೇಳುತ್ತಲೇ ಉಳಿದೆವು.

ಇಂದು ಸಂಜೆ ಐದಕ್ಕೆ, ಅವನು ಇನ್ನೂ ಹೊರಡದಿದ್ದಾಗ, ಮನೆ ಮುಂದಿನ ಕಟ್ಟೆಯ ಮೇಲೆ ಪಕ್ಕದಲ್ಲಿ ಕುಳಿತು ಬೆಳಿಗ್ಗೆ ಕಂಡದ್ದನ್ನೆಲ್ಲ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಭಾರ ಇತ್ತೇನೋ?" ಎಂದು ಕೇಳಿದ. ಇತ್ತು ಎಂದೆ. ಸೋಮವಾರ ಡಿ-ಅಡಿಕ್ಷನ್ ವಿಭಾಗಕ್ಕೆ ಇಬ್ಬರೂ ಹೋಗೋಣ, ಅಲ್ಲಿಯವರೆಗೆ ನೀನಾಗಿ ಪೂರ್ತಿ ನಿಲ್ಲಿಸಬೇಡ, ಆದರೆ ಸ್ಕೂಟರ್ ಮುಟ್ಟಬೇಡ ಎಂದೆ. 100 ಮಿಲಿಲೀಟರ್ ರಕ್ತದಲ್ಲಿ ಆಲ್ಕೊಹಾಲ್ 30 ಮಿಲಿಗ್ರಾಂ ಮೀರಿದರೆ ವಾಹನ ಓಡಿಸುವುದು ಅಪರಾಧವೆಂದು ಕಾನೂನು ಹೇಳುತ್ತದೆ. ಹೆಜ್ಜೆ ತಡವರಿಸುವುದಕ್ಕೆ ಬಹಳ ಮುಂಚಿನ ಮಟ್ಟವದು, ತಾನು ಸರಿಯಾಗಿದ್ದೇನೆಂದು ಕುಡಿದವನಿಗೆ ಪೂರ್ತಿ ನಂಬಿಕೆಯಿರುವ ಮಟ್ಟ.

"ಆಮೇಲೆ ಕೇಳಿದ್ರೆ ನಾನು ಕೊಡಲ್ಲ, ಈಗಲೇ ಇಟ್ಕೋ" ಎಂದು ಅಣ್ಣ ಜೇಬಿನಿಂದ ಕೀಲಿ ತೆಗೆದು ನನ್ನ ಕೈಗೆ ಹಾಕಿ, ಗವಿಪುರದ ಕಡೆಗೆ ನಡೆದುಕೊಂಡು ಹೋದ.