ಟೇಪೂ ಒಂದು ಸಾಕ್ಷಿ

ಇವತ್ತು ಟೀವೀಲಿ ಮತ್ತೆ 2005ರ ಸಿನಿಮಾ 'ದಿ ಎಕ್ಸಾರ್ಸಿಸಂ ಆಫ್ ಎಮಿಲಿ ರೋಸ್'.
ದೆವ್ವಕ್ಕಿಂತ ಕೋರ್ಟಲ್ಲಿ ಹಾಕೋ, ದೆವ್ವ ಬಿಡಿಸುವಾಗ ರೆಕಾರ್ಡ್ ಮಾಡಿದ ಆ ಟೇಪ್ ಮೇಲೇ ಗಮನ.
ಕಿರುಚಾಟವೂ ಸಾಕ್ಷ್ಯ, ನೋಡಿ!

ಇದು ಕಟ್ಟುಕಥೆ ಅಲ್ಲ. ಮೂಲ ಪ್ರಕರಣ ಜರ್ಮನಿಯ ಆನೆಲೀಸ್ ಮಿಖೆಲ್ ಎಂಬ ಹುಡುಗಿಯದು. 1975ರಿಂದ ವಾರಕ್ಕೊಂದೋ ಎರಡೋ ಸಲದಂತೆ ಒಟ್ಟು 67 ಬಾರಿ ಭೂತೋಚ್ಚಾಟನೆ. 1976ರ ಜುಲೈ 1ರಂದು ಹುಡುಗಿ ತೀರಿಕೊಂಡಾಗ ತೂಕ ಸುಮಾರು 30 ಕೆಜಿ. ಅನ್ನ ನೀರಿಲ್ಲದೆ ಸಾವು.

1978ರಲ್ಲಿ ಅಶಾಫೆನ್‌ಬುರ್ಗ್ ಕೋರ್ಟಿನಲ್ಲಿ ಟೇಪು ಕೇಳಿಸಿದ್ದು ಆರೋಪಿಗಳ ಪರ ವಕೀಲರೇ. ಆದರೆ ಕೇಸು ನಿಂತದ್ದು ದೆವ್ವದ ಮೇಲಲ್ಲ, ಡಾಕ್ಟರನ್ನು ಯಾಕೆ ಕರೆಸಲಿಲ್ಲ ಅನ್ನೋದರ ಮೇಲೆ. ಇಬ್ಬರು ಪಾದ್ರಿಗಳು, ಅಪ್ಪ, ಅಮ್ಮ, ನಾಲ್ವರಿಗೂ 6 ತಿಂಗಳು. ಅದೂ ಅಮಾನತಿನಲ್ಲಿಟ್ಟ ಜೈಲು ಶಿಕ್ಷೆ.

ಸಿನಿಮಾದ ಕಟಕಟೆಯಲ್ಲಿ ಮಾತ್ರ ಪಾದ್ರಿ ಒಬ್ಬನೇ. ಹೆತ್ತವರನ್ನು ಬಿಟ್ಟಿದ್ದು ಅನುಕೂಲಕ್ಕೆ ಹಾಕಿದ ಕತ್ತರಿ ಅನಿಸುತ್ತೆ.