ಏಜೆಂಟ್‌ಗೆ ಟೂಲ್ ಕೊಟ್ಟರೆ ಸಾಲದು, ಯಾವಾಗ ಬೇಡ ಅಂತಲೂ ಹೇಳಬೇಕು

ನಾನಿರುವುದು ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ತಂಡದಲ್ಲಿ. ಈಚೆಗೆ ಕೋಡ್ ಬರೆಯುವುದಕ್ಕಿಂತ ವಾಕ್ಯ ತಿದ್ದುವ ಕೆಲಸವೇ ಜಾಸ್ತಿಯಾಗಿದೆ. ನಮ್ಮಲ್ಲಿ ಒಂದು ಎಐ ಏಜೆಂಟ್ ಇದೆ, ಅಂದರೆ ಬಳಕೆದಾರರ ಮಾತು ಕೇಳಿ ತಾನೇ ಕೆಲಸ ಮಾಡುವ ಪ್ರೋಗ್ರಾಂ. ಅದಕ್ಕೆ ಕೊಡುವ ಒಂದೊಂದು ಟೂಲ್‌ಗೂ (ಅದು ಕರೆಯಬಹುದಾದ ಫಂಕ್ಷನ್) ಒಂದು ಹೆಸರು, ಒಂದು ವಿವರಣೆ, ಪ್ಯಾರಾಮೀಟರ್‌ಗಳ (ಟೂಲ್‌ಗೆ ತುಂಬಿ ಕೊಡಬೇಕಾದ ಮಾಹಿತಿ) ಪಟ್ಟಿ ಇರುತ್ತದೆ. ಟೂಲ್ ಆರಿಸುವಾಗ ಏಜೆಂಟ್ ಒಳಗಿನ ಭಾಷಾ ಮಾಡೆಲ್‌ಗೆ ಕಾಣುವುದು ಇಷ್ಟೇ. ಒಳಗಿನ ಕೋಡ್, ಅದರ ಕಾಮೆಂಟ್‌ಗಳು, ನಮ್ಮ ತಂಡದವರ ತಲೆಯಲ್ಲಿರುವ ರೂಲ್‌ಗಳು, ಯಾವುದೂ ಅದಕ್ಕೆ ಗೊತ್ತಿರುವುದಿಲ್ಲ.

2023ರ ಜೂನ್‌ನಲ್ಲಿ ಓಪನ್‌ಎಐ ಫಂಕ್ಷನ್ ಕಾಲಿಂಗ್ (ಹೊರಗಿನ ಫಂಕ್ಷನ್ ಕರೆಯಲು ಮಾಡೆಲ್ ಕೇಳುವ ಸೌಲಭ್ಯ) ತಂದಿತು. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಎಂಸಿಪಿ (ಎಐ ಆ್ಯಪ್‌ಗಳಿಗೆ ಟೂಲ್ ಜೋಡಿಸುವ ಮುಕ್ತ ಮಾನದಂಡ) ಬಿಡುಗಡೆ ಮಾಡಿತು. ಆಮೇಲೆ ಟೂಲ್ ಜೋಡಿಸುವುದು ಎಷ್ಟು ಸುಲಭವಾಯಿತೆಂದರೆ, ಇರುವ ಎಪಿಐಗಳನ್ನೆಲ್ಲ (ಒಂದು ಸಾಫ್ಟ್‌ವೇರ್ ಇನ್ನೊಂದನ್ನು ಕರೆಯುವ ದಾರಿಗಳು) ಹಾಗೇ ಎತ್ತಿ ಏಜೆಂಟ್ ಮುಂದೆ ಸುರಿಯುವುದು ಅಭ್ಯಾಸವಾಗಿಬಿಟ್ಟಿದೆ. ತಾಪತ್ರಯ ಶುರುವಾಗುವುದೇ ಅಲ್ಲಿ.

ಒಂದು ಉದಾಹರಣೆ ಕೊಡುತ್ತೇನೆ. ಮೂರು ಟೂಲ್‌ಗಳಿವೆ ಅಂದುಕೊಳ್ಳಿ. ಒಂದರ ವಿವರಣೆ ‘ಇನ್‌ವಾಯ್ಸ್ ಡಿಲೀಟ್ ಮಾಡುತ್ತದೆ’. ಇನ್ನೊಂದರದ್ದು ‘ಇನ್‌ವಾಯ್ಸ್ ವಾಯ್ಡ್ ಮಾಡುತ್ತದೆ’. ಮೂರನೆಯದು ‘ಕ್ರೆಡಿಟ್ ನೋಟ್ ಮಾಡುತ್ತದೆ’. (ವಾಯ್ಡ್ ಅಂದರೆ ಬಿಲ್ ದಾಖಲೆಯಲ್ಲಿ ಉಳಿದು ರದ್ದಾಗುವುದು, ಕ್ರೆಡಿಟ್ ನೋಟ್ ಅಂದರೆ ಕೊಟ್ಟ ಬಿಲ್‌ನ ಮೊತ್ತ ಕಡಿಮೆ ಮಾಡುವ ಪತ್ರ.) ಬಳಕೆದಾರರು ಬಂದು “ಹೋದ ವಾರದ ಆ ಬಿಲ್ ತೆಗೆದುಹಾಕಿ” ಅನ್ನುತ್ತಾರೆ. ಏಜೆಂಟ್ ಯಾವುದನ್ನು ಹಿಡಿಯಬೇಕು? ಮೂರು ವಾಕ್ಯಗಳೂ ಸರಿಯಾಗಿಯೇ ಇವೆ, ಆದರೆ ಒಂದೂ ಉಪಯೋಗಕ್ಕೆ ಬರುವುದಿಲ್ಲ. ಹೆಸರಲ್ಲಿ ಇರುವುದನ್ನೇ ವಿವರಣೆಯಲ್ಲಿ ಇನ್ನೊಮ್ಮೆ ಹೇಳಿದ್ದೇವೆ ಅಷ್ಟೇ.

ವಾಯ್ಡ್ ಟೂಲ್‌ಗೆ ನಾನು ಬರೆಯುವುದು ಹೀಗೆ (ನಮ್ಮಲ್ಲಿ ಇದು ಇಂಗ್ಲಿಷಿನಲ್ಲಿದೆ, ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ):

“ಗ್ರಾಹಕರಿಗೆ ಕಳಿಸಿ ಆಗಿರುವ, ಆದರೆ ಇನ್ನೂ ಹಣ ಬಾರದ ಇನ್‌ವಾಯ್ಸನ್ನು ವಾಯ್ಡ್ ಮಾಡುತ್ತದೆ. ಇನ್‌ವಾಯ್ಸ್ ನಂಬರ್ ದಾಖಲೆಯಲ್ಲಿ ಉಳಿಯುತ್ತದೆ, ಬಾಕಿ ಸೊನ್ನೆಯಾಗುತ್ತದೆ. ಒಮ್ಮೆ ಮಾಡಿದರೆ ವಾಪಸ್ ತರಲು ಆಗುವುದಿಲ್ಲ. ಡ್ರಾಫ್ಟ್‌ನಲ್ಲಿದ್ದರೆ ಇದನ್ನು ಬಳಸಬೇಡ, ಡಿಲೀಟ್ ಟೂಲ್ ಬಳಸು. ಸ್ವಲ್ಪವಾದರೂ ಹಣ ಬಂದಿದ್ದರೆ ಕ್ರೆಡಿಟ್ ನೋಟ್ ಟೂಲ್ ಬಳಸು.”

ಕೊನೆಯ ಎರಡು ವಾಕ್ಯಗಳನ್ನು ನೋಡಿ. ಕೆಲಸ ನಡೆಯುವುದೇ ಅವುಗಳಿಂದ. ಈ ಟೂಲ್ ಬೇಡ ಅನ್ನುವುದು ಯಾವಾಗ, ಬೇಡವಾದರೆ ಎಲ್ಲಿಗೆ ಹೋಗಬೇಕು, ಎರಡೂ ಅಲ್ಲಿವೆ. ಡೆವಲಪರ್‌ಗಳು ಸಾಮಾನ್ಯವಾಗಿ ಬಿಡುವುದು ಇದನ್ನೇ. ಅವರಿಗೆ ಅದು ಹೇಳಬೇಕಾದ ವಿಷಯ ಅಂತಲೇ ಅನಿಸುವುದಿಲ್ಲ, ಅಲ್ವಾ?

ಹಾಗಾಗಿ ನಾನು ವಿವರಣೆಗಳನ್ನು ಮೊದಲು ತೋರಿಸುವುದು ಅಕೌಂಟ್ಸ್‌ನವರಿಗೆ. ಕೋಡ್ ಗೊತ್ತಿಲ್ಲದವರಾದರೆ ಇನ್ನೂ ಒಳ್ಳೆಯದು. ಬಳಕೆದಾರರ ಒಂದು ಕೋರಿಕೆ ಓದಿ, “ಇವುಗಳಲ್ಲಿ ಯಾವುದು ಬಳಸ್ತೀರಿ?” ಅಂತ ಕೇಳುತ್ತೇನೆ. “ಹಣ ಬಂದಿದೆಯೋ ಇಲ್ಲವೋ ಹೇಳಿಲ್ಲವಲ್ಲ” ಅಂತ ಅವರು ತಿರುಗಿ ಕೇಳಿದರೆ, ಮಾಡೆಲ್‌ಗೂ ಅದೇ ಕೊರತೆ ಇದೆ ಅಂತ ಅರ್ಥ.

ಪ್ಯಾರಾಮೀಟರ್‌ಗಳದ್ದು ಇನ್ನೊಂದು ಕಥೆ. ‘ಅಮೌಂಟ್’ ಅಂತ ಬರೆದು ಬಿಟ್ಟರೆ 5000 ಅಂದರೆ ಎಷ್ಟು? ಎಷ್ಟೋ ಪೇಮೆಂಟ್ ಎಪಿಐಗಳು ಹಣವನ್ನು ಅದರ ಅತಿ ಚಿಕ್ಕ ಘಟಕದಲ್ಲಿ ಕೇಳುತ್ತವೆ. ಆಗ ಡಾಲರ್‌ನಲ್ಲಿ ಅದು 5000 ಸೆಂಟ್, ಅಂದರೆ 50 ಡಾಲರ್. ಯೆನ್‌ಗೆ ಈಗ ಚಿಲ್ಲರೆ ಘಟಕವೇ ಇಲ್ಲ, ಆದ್ದರಿಂದ 5000 ಯೆನ್ನೇ. ಕುವೈತ್ ದಿನಾರ್‌ನಲ್ಲಿ 1000 ಫಿಲ್ಸ್, ಅಲ್ಲಿ ಅದು ಬರೀ 5 ದಿನಾರ್. ಇದನ್ನು ಒಂದು ಸಾಲಿನಲ್ಲಿ ಬರೆಯದೆ ಮಾಡೆಲ್ ತಪ್ಪು ಮಾಡಿತು ಅಂತ ಬೈಯುವುದರಲ್ಲಿ ಅರ್ಥವಿಲ್ಲ. ತಾರೀಖೂ ಹಾಗೆಯೇ. 03/04/2025 ಅನ್ನುವುದು ಒಬ್ಬರಿಗೆ ಏಪ್ರಿಲ್ 3, ಇನ್ನೊಬ್ಬರಿಗೆ ಮಾರ್ಚ್ 4. 2025-04-03 ಅಂತ ಒಂದು ಮಾದರಿ ಕೊಟ್ಟರೆ ಗೊಂದಲ ಇರುವುದಿಲ್ಲ. ಸ್ಟೇಟಸ್‌ನಂಥ ಕಡೆ ಒಪ್ಪುವ ಪದಗಳನ್ನು ಸ್ಕೀಮಾದಲ್ಲೇ (ಪ್ಯಾರಾಮೀಟರ್‌ಗಳು ಹೇಗಿರಬೇಕು ಅಂತ ಹೇಳುವ ರಚನೆ) ಪಟ್ಟಿ ಮಾಡಿ. ‘ಐಡಿ’ ಅಂತ ಸುಮ್ನೆ ಬಿಡಬೇಡಿ, ‘ಇನ್‌ವಾಯ್ಸ್_ಐಡಿ’ ಅನ್ನಿ.

ಎರರ್ ಮೆಸೇಜನ್ನೂ ವಿವರಣೆಯ ಭಾಗ ಅಂತಲೇ ನಾನು ನೋಡುತ್ತೇನೆ, ಏಕೆಂದರೆ ಅದನ್ನೂ ಮಾಡೆಲ್ ಓದುತ್ತದೆ. ‘400’ (ಕೋರಿಕೆ ಸರಿಯಿಲ್ಲ ಅನ್ನುವ ಕೋಡ್) ಅಂತ ಮಾತ್ರ ವಾಪಸ್ ಕೊಟ್ಟರೆ ಅದು ಅದೇ ಕರೆಯನ್ನು ಮತ್ತೆ ಮಾಡುವ ಸಾಧ್ಯತೆ ಇದೆ. ‘ಈ ಇನ್‌ವಾಯ್ಸ್‌ಗೆ ಹಣ ಬಂದಿದೆ, ಕ್ರೆಡಿಟ್ ನೋಟ್ ಮಾಡು’ ಅಂದರೆ ದಾರಿ ಸಿಗುತ್ತದೆ.

ಹಾಗಂತ ಪ್ರಬಂಧ ಬರೆಯಬೇಕಿಲ್ಲ. ಏಜೆಂಟ್‌ಗೆ ಕೊಟ್ಟ ವಿವರಣೆಗಳು ಕಾಂಟೆಕ್ಸ್ಟ್‌ನಲ್ಲಿ (ಮಾಡೆಲ್ ಒಮ್ಮೆಗೆ ಓದಬಲ್ಲ ಪಠ್ಯದಲ್ಲಿ) ಜಾಗ ತಿನ್ನುತ್ತವೆ. ‘ಶಕ್ತಿಶಾಲಿ’, ‘ಅತ್ಯಾಧುನಿಕ’ ಅನ್ನುವ ಮಾರ್ಕೆಟಿಂಗ್ ಮಾತುಗಳನ್ನು ನಾನು ಕಂಡಲ್ಲಿ ಅಳಿಸುತ್ತೇನೆ. ‘ಈ ಟೂಲನ್ನು ಕಡ್ಡಾಯವಾಗಿ ಬಳಸಲೇಬೇಕು’ ಅಂತ ಕಿರುಚುವುದೂ ಬೇಡ. ಹಾಗೆ ಬರೆದರೆ ಮಾಡೆಲ್ ಬೇಡದ ಕಡೆಯೂ ಅದನ್ನೇ ಹಿಡಿದುಕೊಳ್ಳಬಹುದು.

ಇನ್ನೊಂದು ವಿಷಯದಲ್ಲಿ ನಾನು ಹಟಮಾರಿ. ‘ಅನುಮತಿ ಇಲ್ಲದೆ ವಾಯ್ಡ್ ಮಾಡಬೇಡ’ ಅಂತ ವಿವರಣೆಯಲ್ಲಿ ಬರೆದು ಕೈ ತೊಳೆದುಕೊಳ್ಳುವವರಿದ್ದಾರೆ. ಅದರಿಂದ ಏನನ್ನೂ ತಡೆದ ಹಾಗಾಗುವುದಿಲ್ಲ. ಎಂಸಿಪಿಯಲ್ಲಿ ಟೂಲ್ ಏನನ್ನಾದರೂ ಅಳಿಸಬಹುದು ಅಂತ ಗುರುತು ಹಾಕುವ ವ್ಯವಸ್ಥೆ ಇದೆ, ಆದರೆ ಅದೂ ಬರೀ ಸೂಚನೆ. ಹಾಗಾಗಿ ಹಣ ಬಂದಿದೆಯಾ, ಕೇಳಿದವರಿಗೆ ಅಧಿಕಾರ ಇದೆಯಾ ಅಂತ ಸರ್ವರ್ ತಾನೇ ನೋಡಬೇಕು. ಬಳಕೆದಾರರು ಸ್ಕ್ರೀನ್ ಮೇಲೆ ಇನ್‌ವಾಯ್ಸ್ ನಂಬರ್ ನೋಡಿ ‘ಹೌದು’ ಒತ್ತುವವರೆಗೆ ವಾಯ್ಡ್ ಕರೆ ಮುಂದೆ ಹೋಗಬಾರದು.