ಇತಿಹಾಸದ ಪ್ರಬಂಧ ಎಲ್ಲಿಂದ ಶುರು ಮಾಡುವುದು?

ಪರೀಕ್ಷೆ ಹತ್ತಿರ ಬಂತೆಂದರೆ ಪ್ಲಸ್ ಟು ಮಕ್ಕಳದ್ದು ಒಂದೇ ಪ್ರಶ್ನೆ. "ಟೀಚರ್, ವಿಷಯ ಎಲ್ಲ ಗೊತ್ತುಂಟು, ಶುರು ಮಾಡುವುದು ಹೇಗೆ?" ಮೊನ್ನೆ ಕುಂಬಳೆಯಲ್ಲಿ ಬಸ್ಸಿಗೆ ಕಾಯುವಾಗಲೂ ಒಬ್ಬಳು ಕೇಳಿದಳು. ಹೇಳುತ್ತಿರುವಾಗಲೇ ಬಸ್ಸು ಬಂತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ "ಅನಾದಿ ಕಾಲದಿಂದಲೂ" ಬಿಟ್ಟುಬಿಡಿ. ಅದು ಯಾವ ಪ್ರಬಂಧಕ್ಕೂ ಹೊಂದುತ್ತದೆ, ಅದೇ ಅದರ ತೊಂದರೆ. ನಾನೇನೂ ಕಡಿಮೆಯಲ್ಲ. ಡಿಗ್ರಿಯಲ್ಲಿದ್ದಾಗ ಟಿಪ್ಪುವಿನ ಮೇಲಿನ ಪ್ರಬಂಧವನ್ನು ಗ್ರೀಸಿನ ಹೆರೊಡೋಟಸ್‌ನಿಂದ ಶುರು ಮಾಡಿದ್ದೆ. ಟಿಪ್ಪು ಬರುವಷ್ಟರಲ್ಲಿ ಒಂದೂವರೆ ಪುಟ ಮುಗಿದಿತ್ತು. ಮೇಷ್ಟ್ರು ಅಷ್ಟಕ್ಕೂ ಅಡ್ಡಗೆರೆ ಎಳೆದು, ಕೆಳಗೆ "ಇಲ್ಲಿಂದ ಓದಿದೆ" ಅಂತ ಬರೆದಿದ್ದರು.

ನಮ್ಮ ಊರಿನದೇ ವಿಷಯ ತೆಗೆದುಕೊಳ್ಳೋಣ. ಕಾಸರಗೋಡು ಕೇರಳಕ್ಕೆ ಸೇರಿದ್ದು. ಹೆಚ್ಚಿನವರು "ಕಾಸರಗೋಡು ಸಪ್ತಭಾಷೆಗಳ ನಾಡು" ಅಂತ ಶುರು ಮಾಡುತ್ತಾರೆ. ನಿಜವೇ, ಆದರೆ ಮುಂದೇನು? ಹೀಗೆ ಬರೆದು ನೋಡಿ:

"1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. 1967ರಲ್ಲಿ, ಗಡಿ ತಕರಾರು ನೋಡಲು ಕೇಂದ್ರ ಸರಕಾರ ನೇಮಿಸಿದ್ದ ಮಹಾಜನ ಆಯೋಗ, ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಹೋಗಬೇಕು ಎಂದಿತು. ಎರಡು ಸಲವೂ ನೋಡಿದ್ದು ಭಾಷೆಯನ್ನೇ. ಆದರೆ ಮೊದಲ ಸಲ ತಾಲೂಕನ್ನು ಇಡಿಯಾಗಿ ನೋಡಿದರು, ಎರಡನೆಯ ಸಲ ಹೊಳೆಯ ಆಚೆ ಈಚೆ ಬೇರೆ ಮಾಡಿ ನೋಡಿದರು. ಉತ್ತರ ಬದಲಾದದ್ದು ಅದಕ್ಕೇ."

ಇಲ್ಲಿ ಇಸವಿ ಉಂಟು, ಜಾಗ ಉಂಟು. ಅದಕ್ಕಿಂತ ಜಾಸ್ತಿ, ಒಂದಕ್ಕೊಂದು ಕೂಡದ ಎರಡು ಸಂಗತಿ ಅಕ್ಕಪಕ್ಕ ಕೂತಿವೆ. ಓದುವವರ ತಲೆಯಲ್ಲಿ "ಹಾಗಾದರೆ ಯಾಕೆ?" ಅಂತ ಏಳುತ್ತದೆ, ಅಲ್ವಾ? ಕೊನೆಯ ಎರಡು ವಾಕ್ಯದಲ್ಲಿ ನಿಮ್ಮ ಉತ್ತರವೂ ಬಂದಾಯಿತು. ಅದನ್ನು ಕೊನೆಯ ಪುಟಕ್ಕೆ ಅಂತ ಬಚ್ಚಿಡಬೇಡಿ, ಇದು ಪತ್ತೇದಾರಿ ಕಾದಂಬರಿ ಅಲ್ಲ. ಉಳಿದ ಪುಟಗಳಿರುವುದು ಆ ಉತ್ತರ ಸರಿ ಅಂತ ತೋರಿಸುವುದಕ್ಕೆ.

ಬೇಕಲ ಕೋಟೆಯೂ ಹಾಗೆಯೇ. "ಪ್ರವಾಸಿಗರ ಸ್ವರ್ಗ" ಅನ್ನುವುದು ಹೋಟೆಲಿನವರ ಕೆಲಸ. ಕೆಳದಿಯ ಶಿವಪ್ಪ ನಾಯಕ 17ನೇ ಶತಮಾನದಲ್ಲಿ ಕಟ್ಟಿಸಿದ ಇಷ್ಟು ದೊಡ್ಡ ಕೋಟೆಯೊಳಗೆ ಅರಮನೆಯೇ ಇಲ್ಲ, ಯಾಕೆ? ಅಲ್ಲಿಂದ ಶುರು ಮಾಡಿ.

ಇನ್ನೊಂದು ವಿಷಯ, ಮಕ್ಕಳು ಇದನ್ನು ನಂಬುವುದೇ ಇಲ್ಲ. ಶುರುವಿನ ಪ್ಯಾರಾ ಬರೆಯಬೇಕಾದ್ದು ಕೊನೆಗೆ. ಬರೆಯುತ್ತಾ ಹೋದ ಹಾಗೆ ತಾನೇ ನಾವು ಹೇಳಲು ಹೊರಟದ್ದು ಏನು ಅಂತ ನಮಗೂ ಗೊತ್ತಾಗುವುದು? ಪರೀಕ್ಷೆಯಲ್ಲಾದರೆ ಮೇಲೆ ಐದಾರು ಗೆರೆ ಖಾಲಿ ಬಿಟ್ಟು ಮುಂದೆ ಹೋಗಿ. ಆದರೆ ಬೆಲ್ ಹೊಡೆಯುವ ಮೊದಲು ತುಂಬಿಸಿ ಮಾರಾಯ್ರೆ. ಕಳೆದ ಸಲ ನನ್ನ ಮಾತು ಕೇಳಿದ ಒಬ್ಬ ಹುಡುಗ ಜಾಗ ಚೆಂದಕ್ಕೆ ಬಿಟ್ಟಿದ್ದ, ಖಾಲಿಯಾಗಿಯೇ ಕೊಟ್ಟು ಬಂದ.